ಷರಾ

ನೆಲ್ಲಿಗುಂಟಪಲ್ಲಿಯ ಗ್ರಾಮನಕ್ಷೆ ಬಟ್ಟೆಯದು,
ಮಡಿಕೆಗಳಲ್ಲಿ ಹರಿದು ನಾಲ್ಕು ಊರಾಗಿದೆ.
ಅದರಲ್ಲಿ ರಾಜಕಾಲುವೆ
ಮೇಲುಗೆರೆ ಕೋಡಿಯಿಂದ ಕೆಳಗೆರೆಗೆ ನೆಟ್ಟಗೆ,
ಇರುವೆ ಸಾಲಿನಷ್ಟು ಸಣ್ಣಗೆ.
ನೆಲದ ಮೇಲೆ ಅದನ್ನು ಹುಡುಕಲು
ನನಗೂ, ಕೋಲು ಹಿಡಿಯುವ ಬಯ್ಯಪ್ಪನಿಗೂ
ಮೂರು ದಿನ ಹಿಡಿಯಿತು.

ಸಿಕ್ಕಿದ್ದು ಲಾಂಟಾನ, ಟೈರು,
ಮಂಡಿಯವರು ಸುರಿದ ಮಾವಿನ ಓಟೆಯ ದಿಬ್ಬ,
ಹಾಲಿನ ಡೇರಿಯ ಹಿಂಗೋಡೆ,
ಮತ್ತೆ, ಸರಿಯಾಗಿ ಕಾಲುವೆಯ ನಡುಬೆನ್ನಿಗೆ,
ಹಸಿರು ಬಾಗಿಲಿನ ಒಂದಂಕಣದ ಮನೆ.

ಮೂರು ಪೆನ್ಸಿಲು ಕೊಟ್ಟಿದ್ದರು ಆಫೀಸಿನಲ್ಲಿ.
ಕೆಂಪು: ಹಳೆಯ ದಾರಿ, ಇದ್ದದ್ದು ಇದ್ದ ಹಾಗೆ.
ನೀಲಿ: ರಸ್ತೆ ಪಕ್ಕ ಪೈಪು;
ಮೊದಲ ಮಳೆಗೇ ಕಸ ಕಟ್ಟಿಕೊಳ್ಳುತ್ತದೆ,
ಪೈಪಿನ ಗುತ್ತಿಗೆದಾರನಿಗೊಬ್ಬನಿಗೆ ಇಷ್ಟ.
ಹಸಿರು: ಸೊಣ್ಣಪ್ಪರೆಡ್ಡಿಯವರ ತೋಪಿನ ಅಂಚು ಸುತ್ತಿ
ಮೂರು ಗುಂಟೆ, ಹನ್ನೊಂದು ಬಾದಾಮಿ ಮರ.

ಡೇರಿ ಜಗುಲಿಯ ಸಭೆಯಲ್ಲಿ
ಎಲ್ಲರೂ ಕೆಂಪಿನವರೇ.
‘ನಕ್ಷೇಲಿ ಇರೋದು ನಡೀಲಿ ಮೇಡಂ, ನ್ಯಾಯ ಅಂದ್ರೆ ನ್ಯಾಯ.’
ನ್ಯಾಯ ಇಷ್ಟು ನೇರವಾಗಿರುವುದನ್ನು
ನನ್ನ ಹದಿನಾರು ವರ್ಷದ ನೌಕರಿಯಲ್ಲಿ ಕಂಡಿರಲಿಲ್ಲ.
ಡೇರಿ ಗೋಡೆಯ ಮಾತು ಬಂದಾಗ ಮಾತ್ರ
ಒಬ್ಬರು ಕೆಮ್ಮಿದರು,
‘ಅಲ್ಲೊಂದು ಚೂರು ಸರಿಸ್ಕೊಬೋದು’ ಅಂದರು.

ಹಸಿರು ಬಾಗಿಲಿನ ಕದಿರಮ್ಮ ಸಭೆಗೆ ಬಂದಿರಲಿಲ್ಲ.
ಹಿತ್ತಲಲ್ಲಿ ಬಟ್ಟೆ ಕುಕ್ಕುತ್ತಿದ್ದಳು.
‘ನಮ್ಮ ಮಾವ ನೀರಗಂಟಿ.
ಯಾರ ಗದ್ದೆಗೆ ಎಷ್ಟೊತ್ತು ಅಂತ
ಊರಿನ ಲೆಕ್ಕ ಪೂರಾ ಅವನ ಬಾಯಲ್ಲಿತ್ತು.
ಅವನಿಗೇ ಅಂತ ಒಂದು ಪಾತಿ ನೆಲ ಇರಲಿಲ್ಲ.
ಕಾಲುವೆ ಒಣಗಿದ ಮೇಲೆ
ಇಲ್ಲೇ ಇರೋಗು, ಇದು ಯಾರದ್ದೂ ಅಲ್ಲ ಅಂದ್ರು.
ಈಗ ಯಾರದ್ದು ಅಂತೀರ?’

ನಾನು ಏನೂ ಅನ್ನಲಿಲ್ಲ. ಖರಾಬು ಅನ್ನುವ ಪದ
ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ.
ಅವಳು ಒಗೆಯುತ್ತಿದ್ದ ಕಲ್ಲನ್ನು ನೋಡಿದೆ:
ಅಂಚಿಗೆ ಮೂರು ಕಚ್ಚು, ನೊರೆ ಕಟ್ಟಿಕೊಂಡು.
ತೂಬಿನ ಕಲ್ಲು.
ಬಯ್ಯಪ್ಪ ಅದರ ಮೇಲೆ ಕೋಲು ನಿಲ್ಲಿಸಿದ.
ಅಲ್ಲಿಂದ ಲೆಕ್ಕ ಹಿಡಿದೆವು, ಸಂಜೆವರೆಗೆ,
ಕೆಂಪಿಗೆ ಒಂದೂವರೆ ಅಡಿ ಇಳಿಜಾರು.
ಹಸಿರಿಗೆ, ಮುನ್ನೂರು ಮೀಟರಿನ ಸುತ್ತಿಗೆ, ಅರ್ಧ ಅಡಿ.

ಬರೀ ಅರ್ಧ ಅಡಿ.
ಎರಡು ಸಲ ಅಳೆದೆ. ಮೂರನೆಯ ಸಲಕ್ಕೆ ಬಯ್ಯಪ್ಪ
‘ಸಾಕು ಬಿಡಿ, ದಿಬ್ಬಣದ ಗಾಡಿ ಇದ್ದಂಗೆ,
ಊರು ಸುತ್ತಿ ತಡವಾಗಿಯಾದ್ರೂ ಬರುತ್ತೆ’ ಅಂದ.

ಮಾರನೇ ದಿನ ಜೀಪಿನ ಹಿಂದಿನ ಸೀಟಿನಲ್ಲಿ
ಹುಲ್ಲು ಹೊದಿಸಿದ ಒಂದು ಬುಟ್ಟಿ ಮಾವಿನಹಣ್ಣು.
ಯಾರೂ ಇಟ್ಟವರಿಲ್ಲ.
ಒಂದನ್ನು ತಿಂದೆ, ಸುಳ್ಳೇಕೆ, ಜೇನಿನ ಹಾಗಿತ್ತು.
ಕೈ ತೊಳೆದು
ಹಸಿರು ಪೆನ್ಸಿಲು ಚೂಪು ಮಾಡಿದೆ.

ಇದು ಕೋಲಾರಕ್ಕೆ ಹೋಗುತ್ತದೆ,
ಅಲ್ಲಿ ಮೇಜಿನಿಂದ ಮೇಜಿಗೆ.
ಎಲ್ಲೋ ಒಬ್ಬರು ಸ್ಕೇಲು ಇಟ್ಟು ನೆಟ್ಟಗೆ ಮಾಡಿದರೂ ಮಾಡಿಯಾರು.
ಕಾಲುವೆ ಇಲ್ಲಿ ಏಕೆ ಬಳುಕಿತು ಎಂದು ಕೇಳುವುದಕ್ಕೆ
ನಮೂನೆಯಲ್ಲಿ ಜಾಗವಿಲ್ಲ,
ಕೊನೆಗೆ ಒಂದಂಗುಲದ ಷರಾ ಕಾಲಂ ಬಿಟ್ಟರೆ.
ಅದರಲ್ಲಿ ಅಕ್ಷರ ಇರುಕಿಸಿ ಬರೆದೆ:
‘ನೀರು ಬಿಡುತ್ತಿದ್ದವರ ಮನೆ. ಇಳಿಜಾರು ಸಾಲುತ್ತದೆ.’

ಟ್ರೈಪಾಡು ಮಡಿಸುವಾಗ ಕದಿರಮ್ಮ ಬೇಲಿಯ ಹತ್ತಿರ ಬಂದಳು.
ಸುತ್ತು ದಾರಿ ಅವಳ ಬಾಗಿಲಿಗೆ ನಲವತ್ತು ಹೆಜ್ಜೆ.
‘ನೀರು ಬಂದ್ರೆ ಇಲ್ಲಿಗೆ ಸದ್ದು ಕೇಳುತ್ತಾ?’
ಅದನ್ನು ನಾನು ಅಳೆದಿರಲಿಲ್ಲ.
‘ರಾತ್ರಿ ಹೊತ್ತು’ ಅಂದೆ,
‘ಡೇರಿ ಮೋಟರು ನಿಂತ ಮೇಲೆ.’