ಕಚ್ಚುವ ಜಾಗ

ಮೊದಲು ಸ್ಪ್ಯಾನರ್ ತಂದು
ಲಿವರಿನ ಬೋಲ್ಟು ಸಡಿಲಿಸಿದರು ಕಾಳಾಚಾರಿ.
ಪೂರ್ತಿ ಅಲ್ಲ, ಬಿದ್ದರೆ ತಿರುಗುವಷ್ಟು.
"ಬಿಗಿಯಾಗಿರದು ಮುರೀತದೆ ಕಣವ್ವ,
ನೀನಂತೂ ಬಿದ್ದೇ ಬೀಳ್ತೀಯ."

ಚಿನಕುರಳಿಯಾಚೆ, ಕೆಲಸ ನಿಂತ ಕಲ್ಲುಕ್ವಾರಿ.
ಜಲ್ಲಿ, ಬಿಳಿ ದೂಳು, ಮಂಡಿಯುದ್ದದ ಗುಂಡಿ,
ಒಂದೇ ಒಂದು ಹುಣಸೆಮರ. ಅದರಡಿ ನನ್ನ ಕ್ಯಾನು,
ಸೀಮೆಹೋರಿಯ ಬೀಜ ಕಡ್ಡಿಕಡ್ಡಿಯಾಗಿ
ಚಳಿಯೊಳಗೆ ಮಲಗಿರುವ ಕ್ಯಾನು.

ಬೆದೆಗೆ ಬಂದ ಹಸು ಟಾರುರಸ್ತೆ ನೋಡಿಕೊಂಡು ಬರುವುದಿಲ್ಲ.
ಐದೂವರೆಗೆ ಫೋನು, ನಾಲೆ ಏರಿಯ ಆ ತುದಿಯಿಂದ,
ಕಬ್ಬಿನ ಟ್ರ್ಯಾಕ್ಟರು ಉತ್ತುಹಾಕಿದ ಹಾದಿಯಿಂದ.
ಹೋದ ತಿಂಗಳು ಎರಡು ಸಲ ಬಿದ್ದೆ.
ಮೂರನೆಯ ಸಲ ಕ್ಯಾನೂ ಬಿತ್ತು.
ಚಳಿಯೆಲ್ಲ ಹೊಗೆಯಾಗಿ ಕಬ್ಬಿನ ಗದ್ದೆಗೆ ಹೋಯಿತು.
ಹೊಗೆ ಬರೆಯಲು ರಿಜಿಸ್ಟರಿನಲ್ಲಿ ಕಾಲಮ್ಮಿರಲಿಲ್ಲ.

"ಎಡಗಡೆ ಎರಡು ಬೆಳ್ಳು. ಬಲಗಡೆ ಒಂದು.
ಮಿಕ್ಕವು ಹ್ಯಾಂಡಲ್ಲಿಗೆ.
ನಾಕೂ ಬೆಳ್ಳು ಲಿವರ್ ಮೇಲೆ ಮಡಗಿದ್ರೆ
ಹ್ಯಾಂಡಲ್ ಇಡ್ಕೊಳೋರು ಯಾರು, ನಿಮ್ಮಪ್ಪನಾ?"

ಕ್ಲಚ್ಚು ಬಿಡುವುದಲ್ಲವಂತೆ,
ಬಿಡುತ್ತಾ ಇರುವುದು.
ಎಂಜಿನ್ನಿನ ದನಿ ಒಂದು ಮೆಟ್ಟಿಲು ಇಳಿಯುತ್ತದೆ,
ಚೈನು ಸೆಟೆಯುತ್ತದೆ,
ಹಿಂದಿನ ಚಕ್ರ ಇನ್ನೂ ಹೊರಟಿರುವುದಿಲ್ಲ.
ಅದೇ ಕಚ್ಚುವ ಜಾಗ. ಪಟಕಾಗದದಷ್ಟು ದಪ್ಪ.
"ಅಲ್ಲೇ ಇರು. ಅತ್ಲಾಗೂ ಬ್ಯಾಡ, ಇತ್ಲಾಗೂ ಬ್ಯಾಡ."
ಹತ್ತು ಸಲ ಗಾಡಿ ಆಫಾಯಿತು.
ಹನ್ನೊಂದಕ್ಕೆ ಕಪ್ಪೆಯಂತೆ ನೆಗೆದು ಜಲ್ಲಿರಾಶಿಗೆ.

"ಹಾಲು ಕರೆದಿದ್ದೀಯಾ?"
ಕರೆದಿದ್ದೇನೆ.
"ಎಳುದ್ರೆ ಒದೀತದೆ. ಹಿಂಡು, ಬುಡು.
ಬುಟ್ರೂ ಕೈ ಅಲ್ಲೇ ಇರ್ಬೇಕು."
ತಲೆಗೆ ಏನೂ ಹತ್ತಲಿಲ್ಲ. ಬೆರಳಿಗೆ ಹತ್ತಿತು.

ಇಳಿಜಾರಿಗೆ ಬೇರೆ ಪಾಠ:
ಕ್ಲಚ್ಚು ಮುಟ್ಟಬೇಡ, ಗೇರೇ ಹಿಡಿದುಕೊಂಡು ಇಳಿಸುತ್ತದೆ.
ಮುಂದಿನ ಬ್ರೇಕಿಗೆ ಒಂದು ಬೆರಳು,
ರಸಬಾಳೆ ಹಣ್ಣಾಗಿದೆಯಾ ನೋಡುವ ಒತ್ತು.
ಗಬಕ್ಕನೆ ಹಿಡಿದೆಯೋ,
ದೂಳಿನ ಮೇಲೆ ಚಕ್ರ ಮಡಚಿಕೊಂಡು ನಿನ್ನ ಕೆಳಗಿಂದಲೇ ಹೊರಟುಹೋಗುತ್ತದೆ.
(ಹೋಯಿತು. ಮೊಣಕೈ ತರಚಿತು. ಲಿವರು ತಿರುಗಿತು, ಮುರಿಯಲಿಲ್ಲ.)

ಆಮೇಲೆ ತಾವೇ ಇಳಿದು ತೋರಿಸಿದರು,
ಎದ್ದು ನಿಂತು, ಮಂಡಿಗಳಲ್ಲಿ ಟ್ಯಾಂಕು ಅವುಚಿ.
ಎರಡೂ ಪಕ್ಕ ಬಣ್ಣ ಸವೆದು ಬಿಳಿ ತಗಡು ಕಾಣುತ್ತಿತ್ತು.
ಆಗ ನೋಡಿದೆ ಎಡಗೈ.
ತೋರುಬೆರಳು, ನಡುಬೆರಳು, ಲಿವರಿನ ಮೇಲೆ.
ಮಿಕ್ಕವು ಇರಲಿಲ್ಲ.
ಮೂರು ವಾರದಿಂದ ಆ ಕೈಯಿಂದಲೇ ಟೀ ಇಸಿದುಕೊಂಡಿದ್ದೇನೆ.

ಕೇಳಬಾರದಿತ್ತು. ಕೇಳಿದೆ.
"ಆಲೆಮನೇಲಿ, ಕಬ್ಬು ಕೊಡ್ತಿದ್ದೆ" ಎಂದರು,
ಸ್ಪಾರ್ಕ್ ಪ್ಲಗ್ಗಿನ ಕರಿ ಒರೆಸುತ್ತಾ.
"ಗಾಣಕ್ಕೆಲ್ಲಿ ಕ್ಲಚ್ಚು?
ಬೆಲ್ಟು ಬೀಳ್ಸೋಕೆ ಒಬ್ಬ ಓಡ್ಬೇಕು.
ಓಡ್ದ ಪಾಪ. ಚೆನ್ನಾಗೇ ಓಡ್ದ."
ಪ್ಲಗ್ಗನ್ನು ಬಾಯಿಂದ ಊದಿ, ಬೆಳಕಿಗೆ ಹಿಡಿದು ನೋಡಿದರು.

ಸೋಮವಾರ. ರಾತ್ರಿ ಮಳೆ ಬಂದು ಏರಿ ತುಂಬ ಎರೆಮಣ್ಣು.
ಬೆನ್ನ ಹಿಂದೆ ಕ್ಯಾನು, ಎಡಕ್ಕೆ ತುಂಬಿದ ನಾಲೆ,
ಟ್ರ್ಯಾಕ್ಟರಿನ ಜಾಡಿನೊಳಗೆ ನೀರು, ನೀರಿನೊಳಗೆ ಎಷ್ಟು ಆಳವೋ.
ಎರಡು ಬೆರಳು. ಅತ್ಲಾಗೂ ಬ್ಯಾಡ.
ಹಿಂದಿನ ಚಕ್ರ ಬಾಲದಂತೆ ಆಡಿತು. ಆಡಲಿ ಎಂದು ಬಿಟ್ಟೆ.
ಇತ್ಲಾಗೂ ಬ್ಯಾಡ.

ಹೊಂಬಾಳಮ್ಮನ ಕೊಟ್ಟಿಗೆ. ಲಾಟೀನಲ್ಲ, ಮೊಬೈಲಿನ ಬೆಳಕು.
"ಬಿದ್ಯಾ?" ಎಂದಳು, ನನ್ನ ಕೆಸರು ನೋಡಿ.
ಇಲ್ಲ ಎಂದೆ. ಮೊದಲ ಸಲ ಅದು ನಿಜ.
ಎಡಗೈಗೆ ಉದ್ದನೆ ಗ್ಲೌಸು ಏರಿಸಿದೆ,
ಬೆರಳು ಇನ್ನೂ ಎಂಜಿನ್ನಿನ ಹಾಗೆ ನಡುಗುತ್ತಿದ್ದವು.
ಒಳಗೆ ಕತ್ತಲೆ, ಬಿಸಿ.
ಗರ್ಭದ ಕೊರಳು ಬೆರಳಿಗೆ ಸಿಕ್ಕುವ ತನಕ ತಡವುತ್ತಾ ಹೋದೆ,
ಸಿಕ್ಕಿತು, ಹಿಂಡಲಿಲ್ಲ, ಬಿಡಲೂ ಇಲ್ಲ.

ಹಸು ಒಂದು ಸಲ ಬೆನ್ನು ಬಾಗಿಸಿ
ಸುಮ್ಮನೆ ನಿಂತಿತು.