ಇಳುಕಲಿನ ಲೆಕ್ಕ

ಶಿವಮೊಗ್ಗದಲ್ಲಿ ಮೀನಿಳಿಸಿ ವಾಪಸು ಹೊರಟ ಗಾಡಿ.
ಹಿಂದೆ ಖಾಲಿ ಕ್ರೇಟುಗಳು
ತಿರುವಿಗೊಮ್ಮೆ ಹಲ್ಲು ಕಡಿಯುತ್ತವೆ.
ಮಾಸ್ತಿಕಟ್ಟೆ ದಾಟಿತು. ಹುಲಿಕಲ್ಲಿನ ಗುಡಿಯ ಮುಂದೆ
ನಾಣ್ಯ ಹಾಕಿ ಕೈ ಮುಗಿದೆ, ಎಂದಿನಂತೆ.
ಪಕ್ಕದಲ್ಲಿ ಆಟೋ ಕಾಂಪ್ಲೆಕ್ಸಿನ ಗುತ್ಯಪ್ಪ,
ತೊಡೆಯ ಮೇಲೆ ಅವನ ಸ್ಕ್ಯಾನರು,
ಸ್ಟೇರಿಂಗಿನ ಅಡಿಯಿಂದ ಕರುಳಿನಂಥ ಒಂದು ವೈರು.
ನಾಲ್ಕು ದಿನದಿಂದ ಉರಿಯುವ ಹಳದಿ ದೀಪದ
ಜಾಡು ಹಿಡಿಯಲು ಬಂದಿದ್ದಾನೆ.
ಕುಂದಾಪುರದಲ್ಲಿ ಅವನ ಅತ್ತೆ ಮನೆಯೂ ಇದೆ, ಬಿಡಿ.

ಘಾಟಿ ಇಳಿಯತೊಡಗಿದ್ದೇ
ನನ್ನ ಎಡಗೈ ತಾನಾಗಿ ಗೇರಿಗೆ ಹೋಯಿತು.
ಬುಡನ್ ಸಾಬರು ಕಲಿಸಿದ ಕೈ.
"ಇಳುಕಲಲ್ಲಿ ನೂಟ್ರಲ್ ಮಾಡು ಮಗಾ,
ಗುಡ್ಡ ತಾನೇ ಎಳಕೊಂಡು ಹೋಗುವಾಗ
ಎಣ್ಣೆ ಯಾಕೆ ಸುಡೋದು?"
ಸಾವ್ಕಾರರು ಅಳೆದು ಕೊಟ್ಟ ಡೀಸೆಲ್ಲಿನಲ್ಲಿ
ಮಿಕ್ಕಿದ್ದು ಡ್ರೈವರನದು, ಆಗಿನ ರಿವಾಜು.
ವಾರಕ್ಕೊಂದು ಕ್ಯಾನು ಮಿಕ್ಕುತ್ತಿತ್ತು ಸಾಬರಿಗೆ.
ಶಾಹಿದಾಳ ನರ್ಸಿಂಗ್ ಪುಸ್ತಕ ಬಂದದ್ದು
ಆ ಕ್ಯಾನಿನಿಂದ.

"ತೆಗಿ ಕೈ" ಅಂದ ಗುತ್ಯಪ್ಪ.
"ಮೂರರಲ್ಲೇ ಇರಲಿ. ಬರೀ ಕಾಲೆತ್ತು.
ಈಗ ನೋಡು."

ನೋಡಿದೆ.
ಅಂಕಿ ಇಳಿಯಿತು. ನಾಲ್ಕು. ಎರಡು. ಸೊನ್ನೆ.
ಕಡಿಮೆಯಲ್ಲ, ಸೊನ್ನೆ.

ಇಂಜಿನ್ ನಿಂತಿರಲಿಲ್ಲ.
ಮುಳ್ಳು ಎರಡು ಸಾವಿರದಲ್ಲಿ ನಡುಗುತ್ತಿತ್ತು.
ಬತ್ತವಿಲ್ಲದ ಒರಳಿನಲ್ಲಿ ಒನಕೆಯ ಹಾಗೆ
ಪಿಸ್ಟನ್ನುಗಳು ಬರೀ ಗಾಳಿಯನ್ನು ಕುಟ್ಟುತ್ತಿದ್ದವು.
ದಿನವೂ ಗಾಲಿಯನ್ನು ತಿರುಗಿಸುವುದನ್ನು
ಈಗ ಗಾಲಿ ತಿರುಗಿಸುತ್ತಿತ್ತು,
ಗಾಲಿಯನ್ನು ಗುಡ್ಡ.

ನೇರ ಸಿಕ್ಕ ಮಾರು ಜಾಗದಲ್ಲಿ
"ಈಗ ನಿನ್ನ ನೂಟ್ರಲ್ ಮಾಡು" ಅಂದ.
ಗದ್ದಲ ಅಡಗಿತು. ಗಾಡಿ ತೇಲಿತು, ಹಬ್ಬದ ದಿನ
ಚೀಲ ಬಿಸಾಕಿದ ಹುಡುಗನ ಹಾಗೆ.
ಅಂಕಿ ಎದ್ದಿತು: ಸೊನ್ನೆ ಪಾಯಿಂಟ್ ಏಳು.
"ಕೈಬಿಟ್ಟೆಯಲ್ಲ, ಇನ್ನು ತನ್ನ ಜೀವ
ತಾನೇ ಹಿಡ್ಕೋಬೇಕು. ಅದಕ್ಕೇ ಕುಡೀತಿದೆ."
ಎದುರಿಗೆ ತಿರುವು. ಬ್ರೇಕು ತುಳಿದೆ,
ಕಾದ ಲೈನರಿನ ಕಮಟು ಮೂಗಿಗೆ ಬಂತು.
ಮತ್ತೆ ಮೂರು. ಗಾಡಿ ಒಮ್ಮೆ ಮುಕ್ಕರಿದು
ಹಗ್ಗಕ್ಕೆ ಕತ್ತು ಕೊಟ್ಟಿತು. ಸೊನ್ನೆ.

"ಇದಕ್ಕೆ ಸರಿ, ಕಂಪ್ಯೂಟರ್ ಇದೆ.
ಸಾಬರ ಹಳೇ ಲಾರಿಗೆ ಏನಿತ್ತು?"
"ಪಂಪಿನೊಳಗೆ ಗವರ್ನರ್ ಇತ್ತು ಮಾರಾಯ.
ಕಾಲೆತ್ತಿದರೆ ಅದೂ ಬಾಯಿ ಮುಚ್ಚುತ್ತಿತ್ತು."

ಹಾಗಾದರೆ ಆ ಕ್ಯಾನು?

ಎರಡು ತಿರುವು ನಾನು ಮಾತಾಡಲಿಲ್ಲ.
ಮೂರನೆಯದರಲ್ಲಿ ನೆನಪಾದದ್ದು, ಏರು.
ಬೆಳಗಿನ ಜಾವ. ಲಾರಿ ತುಂಬ ಹೆಂಚು.
ನಾನು ಕ್ಲೀನರು, ಗಾಲಿಗೆ ಕೊಡುವ ಕಲ್ಲು ಹಿಡಿದು
ಫುಟ್‌ಬೋರ್ಡಿನ ಮೇಲೆ.
ಸಾಬರು ಚಪ್ಪಲಿ ಕಳಚಿ ಸೀಟಿನಡಿ ತಳ್ಳಿ
ಬರಿಗಾಲಿನ ಹೆಬ್ಬೆರಳು ಪೆಡಲಿನ ಮೇಲಿಡುತ್ತಿದ್ದರು,
ಮಲಗಿದ ಮಗುವಿಗೆ ಜ್ವರ ಇದೆಯೇ ಅಂತ
ಮುಟ್ಟಿ ನೋಡುವ ಹಾಗೆ.
ಕಣ್ಣು ಕನ್ನಡಿಯಲ್ಲಿ, ಹೊಗೆಯ ಮೇಲೆ.
ಹೊಗೆ ಕಪ್ಪಾಗುವ ಮುಂಚೆಯೇ ಗೇರು ಇಳಿಯುತ್ತಿತ್ತು.
ಹಿಂದಿನವರು ಎಷ್ಟು ಹಾರನ್ ಹೊಡೆದರೂ
ಘಾಟಿ ಮುಗಿಯುವ ತನಕ ಅವರು ಕಿವುಡರು.

ಉಳಿಸಿದ್ದು ಅಲ್ಲಿ.
ಜಮಾ ಮಾಡಿದ್ದು ಇಳುಕಲಿನ ಹೆಸರಿಗೆ.

ಹೇಳಲೇ ಅವರಿಗೆ?
ಈಗ ಎನ್.ಟಿ. ರಸ್ತೆಯ ಟಯರಂಗಡಿ ಮುಂದೆ
ಸ್ಟೂಲು ಹಾಕಿಕೊಂಡು ಕೂತಿರುತ್ತಾರೆ, ಕಣ್ಣು ಮಂಜು.
ಹೋಗುವ ಲಾರಿಯ ಸದ್ದು ಕೇಳಿ
"ಎರಡರಲ್ಲಿ ಹೋಗ್ತಿದಾನೆ, ಮೂರು ಹಾಕ್ಬೇಕಿತ್ತು ಬೇವಕೂಫ"
ಅಂತ ಚಹಾ ಊದುತ್ತಾರೆ.
ಎಂಬತ್ತರ ಹತ್ತಿರದವರಿಗೆ
ಸೊನ್ನೆಯನ್ನು ಹೇಗೆ ತೋರಿಸುವುದು?
ಏರನ್ನಾದರೆ ತೋರಿಸಬಹುದು.
ಒಂದು ದಿನ ಜೊತೆಗೆ ಕೂರಿಸಿಕೊಂಡು
ಚಪ್ಪಲಿ ಕಳಚಿ ಹತ್ತಬೇಕು, ಏನೂ ಹೇಳದೆ.

ಹೊಸಂಗಡಿ ಬಂತು. ಇಳುಕಲು ಸೋತಿತು.
ಮುಳ್ಳು ಸಾವಿರದ ಇನ್ನೂರಕ್ಕೆ ಜಾರಿದಾಗ
ನಿದ್ದೆಯಲ್ಲಿ ಮೆಟ್ಟಿಲು ತಪ್ಪಿದ ಹಾಗೆ
ಸಣ್ಣ ನಡುಕ,
ಆಮೇಲೆ ಅಂಕಿಯ ಒಂದು ತೊಟ್ಟು.
"ನೋಡಿದೆಯಾ, ನಿಲ್ಲುವ ಮುಂಚೆ
ತಾನೇ ಎಚ್ಚರಾಗುತ್ತೆ" ಅಂದ ಗುತ್ಯಪ್ಪ
ವೈರು ಸುತ್ತುತ್ತ, ಬಲು ಖುಷಿಯಲ್ಲಿ.

ಹಳದಿ ದೀಪ
ಹಾಗೇ ಉರಿಯುತ್ತಿತ್ತು.