ಇಲ್ಲೀ ತಕ

ಕಿಲ್ಲೆದ ಮಣ್ಣು ನಾಲಿಗಿಗೆ ಹಚ್ಚಿ ನೋಡತಿದ್ರು ರವೂಫ್ ಉಸ್ತಾದ್,
ಉಪ್ಪೋ ಚಪ್ಪೋ ಅಂತ.
ಬಿರ್ಗಿಟ್ ಬಂದದ್ದು ಆವಾಗ. ಊರು ಡೆನ್ಮಾರ್ಕ್ ಕಡಿದು.
ಸ್ಟೂಲು ಸರಿಸಿದೆವು, ತಕ್ ಅಂದಳು.
ಚಹಾ ಕೊಟ್ಟೆ, ತಕ್.
ಖಾಲಿ ಬಸಿ ತಗೊಂಡೆ, ಮತ್ತೂ ತಕ್.
ಉಳಿಯ ಪೆಟ್ಟುಗಳ ನಡುವ ಇದೊಂದು ಪೆಟ್ಟು.

"ಎಲ್ಲೀ ತಕ?" ಕೇಳಿದರು ಉಸ್ತಾದ್, ಕಣ್ಣೆತ್ತದೆ.
ಬೀದರಿನ ಕಿವಿಗೆ ಅದು ತನಕ,
ಅವರ ಮನೀ ಉರ್ದೂದಾಗೂ ಅದೇ,
ದಾರಿ ಇನ್ನಾ ಅದ ಅನ್ನೂ ಮಾತು.

ನಾಲ್ಕು ದಿನ ಇದ್ದಳು, ನನಗ ಬಿಡಿಸಿ ಹೇಳಿದಳು.
ಉಂಡು ಏಳುವಾಗ, ಊಟಕ್ಕ ತಕ್.
ಅಂಗಡ್ಯಾಗ ಬ್ರೆಡ್ಡು ಕೇಳಿದರೂ ಮಾತಿನ ಬಾಲಕ್ಕ ತಕ್.
ಮತ್ತ ಸಿಕ್ಕವರಿಗೆ, ಹೋದ ಸಲದ ಭೇಟಿಗೆ ತಕ್,
ಆ ಭೇಟಿ ಹೋದ ವರ್ಷದ್ದಾದರೂ.
ಗೋರಿ ಕಲ್ಲಿನ ಮ್ಯಾಲ,
ಎಲ್ಲಾದಕ್ಕೂ ತಕ್.

ಇಷ್ಟು ಸಣ್ಣ ಶಬ್ದ, ಇಷ್ಟು ಹೇರು!
ನಮ್ಮಲ್ಲಿ ಧನ್ಯವಾದ ಅಂದ್ರ ಮೈಕಿನ ಮಾತು,
ವಂದನಾರ್ಪಣೆ ಶುರುವಾದ್ರ ಜನ ಚಪ್ಪಲಿ ಹುಡುಕ್ತಾರ.
ಊಟಕ್ಕ ತಕ್ ಅಂದ ದಿನ ನಮ್ಮವ್ವಗ ಗಾಬರಿ:
"ಯಾಕ ಮಾನಂದಾ, ಪುಂಡಿಪಲ್ಯಾ ಸೇರಲಿಲ್ಲೇನು ಆಕಿಗಿ?
ಲೆಕ್ಕ ಚುಕ್ತಾ ಮಾಡಿದಂಗ ಮಾತಾಡ್ತಾಳ."

ಹೊರಡೂ ಮುಂದ ಅದರ ಬೇರು ಹೇಳಿದಳು.
ಬಲು ಹಿಂದ ಅದಕ್ಕೂ, ಯೋಚನಿ ಅನ್ನೂ ಶಬ್ದಕ್ಕೂ
ಒಬ್ಬಳೇ ತಾಯಿ.
ಮೊದಲು ಮನಸಿನ್ಯಾಗ ಇಟ್ಟುಕೊಳ್ಳೂದಿತ್ತು,
ಬಾಯಿಗಿ ಆಮ್ಯಾಲ ಬಂತು.
ನಮ್ಮಲ್ಲಿ ನೆನೆಯೂದು ಅಂತಾರ, ಅಂದೆ.
ಕಡ್ಲಿಬ್ಯಾಳಿ ನೆನೆಯೂದೂ ಅದೇ ಶಬ್ದ,
ರಾತ್ರಿಯೆಲ್ಲಾ ನೀರಿನ್ಯಾಗ ಇದ್ದು ಉಬ್ಬತದ.
ಆಕಿ ಡೈರ್ಯಾಗ ಬರಕೊಂಡಳು: ಬ್ಯಾಳಿ.

ಈ ವರ್ಷ ಬಂದಳು.
ಬಾಗಲದಾಗೇ ನಿಂತು ಹೋದ ಸಲದ ಭೇಟಿಗೆ
ಆ ಉದ್ದನ್ನ ತಕ್.
ಉಸ್ತಾದರ ಚಾಪಿ ಸುತ್ತಿಟ್ಟಿತ್ತು.
ರಂಜಾನಿಗೆ ಮುಂಚೆ, ಅಂದೆ. ಜ್ವರ, ನಾಲ್ಕೇ ದಿನ.

ಕಡೀ ಹೂಜಿ ತಂದು ಆಕಿ ಮುಂದ ಇಟ್ಟೆ.
ಬಳ್ಳಿ ಕೊರೆದದ್ದು ಕೊರಳಿನ ಮಟ,
ಬೆಳ್ಳಿ ತಂತಿ ಕೂಡ್ರಿಸಿದ್ದು ಏಳನೇ ಎಲಿಯ ತೊಟ್ಟಿನ ಮಟ,
ಮುಂದ ಬರೇ ಗೆರಿ.
ಉಸ್ತಾದರ ಮಣ್ಣು ಆತು.
ಹೂಜಿಗಿ ಇನ್ನಾ ಮಣ್ಣು ಹತ್ತಿಲ್ಲ.

ಬೆಳ್ಳಿ ಮುಗಿದಲ್ಲಿ ಬೆರಳು ಇಟ್ಟಳು.
ಈಗ ಅಂತಾಳ, ಈಗ ಅಂತಾಳ ಅಂತ ಕಾದೆ.
ಅನ್ನಲಿಲ್ಲ.
ನಾನೇ ಅಂದೆ, "ಇಲ್ಲೀ ತಕ."
ಆಕಿ ಗೋಣು ಹಾಕಿದಳು,
ತನ್ನ ಮಾತಿನ್ಯಾಗ ಕೇಳಿಸಿಕೊಂಡು.